ಬಟ್ಟೆ ಒಗೆಯುವ ಸರದಿ

ಅವಿನಾಶನ ಬುದ್ಧಿವಂತಿಕೆಗೆ ಏನು ಕಡಿಮೆ ಹೇಳಿ! ನಾರ್‌ಶೋಪಿಂಗ್ ಎಂಬ ಪರದೇಶದ ಊರಲ್ಲಿ ಅವನಿದ್ದ ಕಟ್ಟಡದಲ್ಲಿ ಯಾರ ಮನೆಯಲ್ಲೂ ವಾಷಿಂಗ್ ಮಷಿನ್ ಇರಲಿಲ್ಲ. ಎಲ್ಲರಿಗೂ ಸೇರಿ ನೆಲಮಾಳಿಗೆಯಲ್ಲಿ ಎರಡೇ ಮಷಿನ್‌ಗಳು. ಮೊದಲೆಲ್ಲ ಅಲ್ಲಿ ಗೋಡೆಗೆ ದಿನ, ಹೊತ್ತು ಬರೆದ ಒಂದು ಹಲಗೆ ಇತ್ತು. ಬೇಕಾದ ಹೊತ್ತಿನ ಎದುರು ತಮ್ಮ ಮನೆಯ ಪುಟ್ಟ ಬೀಗ ಸಿಕ್ಕಿಸಿ ಬಂದರೆ ಸರದಿ ಸಿಕ್ಕಂತೆ. ಅದರ ಮುಂದೆ ನಿಂತೇ ಜನ ಮಾತಾಡಿಕೊಂಡು ಸರದಿ ಅದಲುಬದಲು ಮಾಡಿಕೊಳ್ಳುತ್ತಿದ್ದರು.

2008ರಲ್ಲಿ ಹಲಗೆ ಹೋಗಿ ಬುಕಿಂಗ್ ಇಂಟರ್ನೆಟ್ಟಿಗೆ ಬಂತು. ಬುಕ್ ಮಾಡಿದವರ ಕಾರ್ಡಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಒಬ್ಬರಿಗೆ ಇಷ್ಟೇ ಎಂಬ ಮಿತಿ ಇರಲಿಲ್ಲ, ಬುಕ್ ಮಾಡಿದವರ ಹೆಸರೂ ಕಾಣುತ್ತಿರಲಿಲ್ಲ. ಅವಿನಾಶ ಬಿಡುತ್ತಾನೆಯೇ? ಒಂದು ಸಣ್ಣ ಪ್ರೋಗ್ರಾಮ್ ಬರೆದ. ಬುಕಿಂಗ್ ತೆರೆದ ಕ್ಷಣವೇ ಅದು ಒಳ್ಳೊಳ್ಳೆಯ ಹೊತ್ತನ್ನೆಲ್ಲ ಅವನಿಗೆ ಬಾಚಿ ಕೊಡುತ್ತಿತ್ತು. ಬೇಡವಾದದ್ದನ್ನು ಬಿಟ್ಟುಕೊಡಲು ಮಾತ್ರ ಅವನಿಗೆ ಪುರುಸೊತ್ತಿರಲಿಲ್ಲ. ಮಷಿನ್‌ಗಳು ಸುಮ್ಮನೆ ಬಿದ್ದಿರುತ್ತಿದ್ದವು.

“ಇದು ತಪ್ಪಲ್ವಾ?” ಎಂದಳು ಹೆಂಡತಿ ನಿವೇದಿತಾ.

“ಸಿಸ್ಟಮ್ ಕೊಡುತ್ತೆ, ನಾನು ತಗೋತೀನಿ. ಬೇರೆಯವ್ರೂ ಪ್ರೋಗ್ರಾಮ್ ಬರ್ಕೊಳ್ಲಿ, ಬೇಡ ಅಂದೋರ್ಯಾರು?”

ಒಂದು ಸಂಜೆ ಕೆಳಗಿನ ಮನೆಯ ಗುನ್‌ವೋರ್ ಬಾಗಿಲು ತಟ್ಟಿದರು. ಗಣಿತದ ಟೀಚರಾಗಿ ನಿವೃತ್ತರಾದ ಒಂಟಿ ಅಜ್ಜಿ. ಕೈಗಳು ನೀರಿನಲ್ಲಿ ನೆನೆದು ಕೆಂಪಾಗಿದ್ದವು.

“ನೀನು ಕಂಪ್ಯೂಟರ್ ಓದಿದವನು, ಸ್ವಲ್ಪ ನೋಡ್ತೀಯಾ? ಲೈಬ್ರರಿಗೆ ಹೋಗಿ ಕಲಿತೆ, ಆದರೂ ಸರದಿ ಸಿಗ್ತಿಲ್ಲ. ಎಲ್ಲೋ ತಪ್ಪು ಒತ್ತುತ್ತಿದ್ದೀನಿ. ಟಬ್ಬಿನಲ್ಲಿ ಹೊದಿಕೆ ಹಿಂಡಿ ಹಿಂಡಿ ಸಾಕಾಯಿತು. ನನ್ನ ಮಗಳು ಬೇರೆ, ‘ನಿನ್ನ ತಲೆ ಮೊದಲಿನಂತಿಲ್ಲ, ವೃದ್ಧಾಶ್ರಮ ಸೇರು’ ಅಂತಾಳೆ. ಅವಳು ಹೇಳೋದೇ ಸರಿಯೇನೋ.”

ಅವಿನಾಶ ನಿಜ ಹೇಳಲೆಂದೇ ಬಾಯಿ ತೆರೆದ. ಬಂದ ಮಾತು ಬೇರೆ: “ಈ ವಯಸ್ಸಿಗೆ ಇದೆಲ್ಲ ಕಷ್ಟಾನೇ ಬಿಡಿ. ನಾನು ಮಾಡ್ಕೊಡ್ತೀನಿ.”

ತನ್ನದೇ ಒಂದು ಶನಿವಾರದ ಸರದಿಯನ್ನು ಗುಟ್ಟಾಗಿ ಬಿಟ್ಟು ಅವರ ಹೆಸರಿಗೆ ಹಾಕಿದ.

“ಇಷ್ಟು ಬೇಗ! ನಾನು ತಿಂಗಳುಗಟ್ಟಲೆ ಒದ್ದಾಡಿದೆ” ಎಂದು ಗುನ್‌ವೋರ್ ಅವನ ಕೈ ಹಿಡಿದುಕೊಂಡರು. ಮರುದಿನ ದಾಲ್ಚಿನ್ನಿ ಬನ್ನು ಮಾಡಿ ತಂದುಕೊಟ್ಟರು. ನಿವೇದಿತಾ ಒಂದನ್ನೂ ಮುಟ್ಟಲಿಲ್ಲ. ಅವನೂ ಬನ್ನಿನ ತಟ್ಟೆ ಬದಿಗೆ ಸರಿಸಿದ. ಥೂ, ನಾನೆಂಥವನು ಎನ್ನಿಸಿ ಅಂದೇ ಪ್ರೋಗ್ರಾಮ್ ಅಳಿಸಿಹಾಕಿದ. ಅಳಿಸಿದ ಮೇಲೆ ಇನ್ನು ಹೇಳುವುದೇನಿದೆ ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡ. ಹೇಡಿಗೆ ಸಮಾಧಾನಕ್ಕೇನು ಬರ!

ಕೆಲವು ವಾರಗಳ ಮೇಲೆ ನಿವೇದಿತಾ ಕೆಳಗಿನಿಂದ ಬಂದವಳೇ ರೇಗಿದಳು. “ಗುನ್‌ವೋರ್ ಮನೆ ಖಾಲಿ ಮಾಡಿ ವೃದ್ಧಾಶ್ರಮಕ್ಕೆ ಹೋಗ್ತಿದಾರೆ ಕಣೋ. ನೀನು ಕ್ಷಣದಲ್ಲಿ ಮಾಡ್ಕೊಟ್ಟಿದ್ದು ನೋಡಿ, ತಲೆ ಓಡ್ತಿಲ್ಲ ಅಂತ ಅವ್ರಿಗೇ ಗ್ಯಾರಂಟಿ ಆಗ್ಬಿಟ್ಟಿದೆ. ಆಮೇಲೆ ಬುಕ್ ಮಾಡೋಕೇ ಹೋಗಿಲ್ವಂತೆ. ಮಾನ ಮರ್ಯಾದೆ ಇದ್ರೆ ಈಗ್ಲಾದ್ರೂ ಹೋಗಿ ಹೇಳು.”

ಅವಿನಾಶ ಮೆಟ್ಟಿಲಿಳಿದು ಓಡಿದ. ರಟ್ಟಿನ ಪೆಟ್ಟಿಗೆಗಳ ನಡುವೆ ತಲೆ ತಗ್ಗಿಸಿ ನಿಂತು, ಒಂದೇ ಉಸಿರಿಗೆ ಎಲ್ಲ ಹೇಳಿದ.

ಗುನ್‌ವೋರ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. “ಅಂದರೆ ನಾನು ಒತ್ತಿದ್ದೆಲ್ಲ ಸರಿಯಾಗೇ ಇತ್ತಾ?”

“ಸರಿಯಾಗೇ ಇತ್ತು.”

“ಒಂದೂ ತಪ್ಪಿರಲಿಲ್ಲ?”

“ಒಂದೂ ಇರಲಿಲ್ಲ.”

ಅವರ ಮುಖ ಅರಳಿತು. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಆ ಸಂತೋಷ ನೋಡಿ ಮಾತ್ರ, ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

“ಸೋಮವಾರ ಹೊಸ ಬಾಡಿಗೆಯವರು ಬರ್ತಾರೆ, ಇನ್ನು ಮನೆ ವಾಪಸ್ ಸಿಗಲ್ಲ” ಎಂದರು ಗುನ್‌ವೋರ್. ಆಮೇಲೆ ಫೋನನ್ನು ಅವನ ಕೈಗೆ ಕೊಟ್ಟರು. “ಈ ಮಾತನ್ನ ನನ್ನ ಮಗಳಿಗೆ ನೀನೇ ಹೇಳ್ತೀಯಾ? ನಾನು ಹೇಳಿದರೆ ಅವಳು ನಂಬಲ್ಲ.”