ದೊಡ್ಡಮ್ಮನ ಮಾತ್ರೆ

ಎರಡು ದಿನದಿಂದ ಅಮ್ಮನ ಮುಖಕ್ಕೆ ಕಳೆ ಬಂದಿತ್ತು. ತಟ್ಟೆ ಖಾಲಿಯಾಗುತ್ತಿತ್ತು, ಮೂಳೆನೋವಿನ ನರಳಾಟವೂ ಇರಲಿಲ್ಲ. ಕಾರಣ ಮಗಳಿಗೆ ತಿಳಿದದ್ದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ, ಅಮ್ಮನ ಚೀಲದಲ್ಲಿ ಕನ್ನಡಕ ಹುಡುಕುವಾಗ. ದೊಡ್ಡಮ್ಮ ಉಬ್ಬಸಕ್ಕೆ ನುಂಗುವ ಮಾತ್ರೆಯ ಹಾಳೆ, ಅರ್ಧ ಖಾಲಿ!

"ಇದು ಸ್ಟೀರಾಯ್ಡ್ ಅಲ್ವಾ?"

"ಸ್ಟೀರಾಯ್ಡ್ ಅಂದ್ರೆ ಕುಸ್ತಿಯವರು ಚುಚ್ಚಿಸ್ಕೊಳ್ಳೋದು ಕಣೇ," ಎಂದಳು ಪಕ್ಕದಲ್ಲೇ ಕೂತಿದ್ದ ದೊಡ್ಡಮ್ಮ. "ಇದು ಉಬ್ಬಸದ್ದು, ನಾನೇ ಕೊಟ್ಟಿದ್ದು. ಎಷ್ಟು ವರ್ಷದಿಂದ ನುಂಗ್ತಿದೀನಿ, ಗುಂಡುಕಲ್ಲಿನ ಹಾಗಿಲ್ವಾ?"

ಮಗಳು ಹಾಳೆಯ ಹಿಂದಿದ್ದ ಹೆಸರನ್ನು ಮತ್ತೊಮ್ಮೆ ಓದಿದಳು. ಕೀಮೋ ಎರಡು ಸಲ ಕೈಕೊಟ್ಟ ಮೇಲೆ ಉಳಿದಿದ್ದ ದಾರಿ ಇದೊಂದೇ. ಇಂದು ಅಮ್ಮನ ರಕ್ತದಿಂದ ಬಿಳಿಕಣಗಳನ್ನು ಸೋಸಿ ತೆಗೆದು, ಪ್ರಯೋಗಾಲಯದಲ್ಲಿ ಅವುಗಳ ಜೀನ್ ತಿದ್ದಿ, ಕ್ಯಾನ್ಸರ್ ಕಣವನ್ನು ಗುರುತು ಹಿಡಿದು ಕೊಲ್ಲುವಂತೆ ಮಾಡಿ, ಬೆಳೆಸಿ ಮತ್ತೆ ಅಮ್ಮನಿಗೇ ಏರಿಸಬೇಕಿತ್ತು. ತೆಗೆಯುವ ಮುಂಚೆ ಸ್ಟೀರಾಯ್ಡ್ ಕೂಡದು, ಕಣಗಳು ಸೊರಗಿಬಿಡುತ್ತವೆ, ಆಮೇಲೆ ತಿದ್ದಿಯೂ ದಂಡ ಎಂದು ಡಾಕ್ಟರ್ ಬಿಡಿಸಿ ಹೇಳಿದ್ದರು. ದೊಡ್ಡಮ್ಮ ಅಲ್ಲೇ ಕೂತು ತಲೆಯಾಡಿಸಿದ್ದಳು.

"ಬಾಯಿ ಬಿಟ್ಟೀಯ ಜೋಕೆ," ಅಮ್ಮ ಮಗಳ ಮುಂಗೈ ಹಿಡಿದಳು. "ಇವತ್ತು ತಪ್ಪಿದ್ರೆ ಮತ್ತೆ ಸರದಿ ಕಾಯ್ಬೇಕು. ಆ ನೋವು ಇನ್ನು ನಂಗಾಗಲ್ಲ."

"ಮೌನಗೌರಿಗೆ ಹೇಳ್ಬೇಕಾ ಅದನ್ನ!" ದೊಡ್ಡಮ್ಮ ನಕ್ಕಳು.

ನರ್ಸ್ ಬಂದು ಯಂತ್ರದ ಕೊಳವೆ ಜೋಡಿಸಿದಳು. "ಬೇರೆ ಔಷಧಿ ಏನಾದ್ರೂ ತಗೊಂಡ್ರಾ ಅಮ್ಮಾ?"

"ಇಲ್ಲಮ್ಮ."

"ತಗೊಂಡಿದ್ದಾರೆ," ಎಂದಳು ಮಗಳು. ಯಾರಿಗೂ ಕೇಳಿಸಲಿಲ್ಲ. ನರ್ಸ್ ಸೂಜಿಯ ಪೊಟ್ಟಣ ಹರಿಯಹೊರಟಳು. "ತಗೊಂಡಿದ್ದಾರೆ!" ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಅಮ್ಮ ಹಿಡಿದಿದ್ದ ಕೈ ಬಿಡಿಸಿಕೊಂಡು ಮಗಳು ಮಾತ್ರೆಯ ಹಾಳೆಯನ್ನು ನರ್ಸ್ ಮುಂದೆ ಚಾಚಿದಳು.

ಡಾಕ್ಟರ್ ಬಂದರು. ಬೈಯಲಿಲ್ಲ. "ಇವತ್ತು ಬೇಡ. ಇದನ್ನ ಬಿಡಿಸಿ, ರಕ್ತ ನೋಡ್ಕೊಂಡು ಮುಂದಿನ ವಾರ ತೆಗೆಯೋಣ. ನೋವಿಗೆ ಬೇರೆ ಕೊಡ್ತೀನಿ. ಅಷ್ಟರಲ್ಲಿ ಕಾಯಿಲೆ ಜೋರಾಗ್ದಿದ್ರೆ ಸಾಕು."

"ಜೋರಾದ್ರೆ?" ಎಂದಳು ಮಗಳು.

"ಆಗ ನೋಡ್ಬೇಕು."

ಮನೆ ತಲುಪುವವರೆಗೆ ಅಮ್ಮ ಮಗಳತ್ತ ತಿರುಗಲಿಲ್ಲ. ಮರುದಿನ ಸಂಜೆಯ ಹೊತ್ತಿಗೆ ನೋವು ಮರಳಿತು. ಹೊಸ ಮಾತ್ರೆ ಅಷ್ಟಕ್ಕಷ್ಟೆ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಕಾಲು ಒತ್ತಲು ದೊಡ್ಡಮ್ಮ ಎದ್ದಳು.

"ನೀನು ಕೂತ್ಕೋ ಅಕ್ಕಾ," ಎಂದಳು ಅಮ್ಮ. "ತಪ್ಪಿಸಿದವಳು ಅವಳು ತಾನೇ? ಅವಳೇ ಒತ್ತಲಿ."

ಮಗಳು ಹಾಸಿಗೆಯ ತುದಿಯಲ್ಲಿ ಕೂತು ಅಮ್ಮನ ಕಾಲುಗಳನ್ನು ತೊಡೆಯ ಮೇಲೆಳೆದುಕೊಂಡಳು.