ಬಸ್ ನಿಲ್ದಾಣದ ದಡದಲ್ಲಿ

ಸಮಾಜ ಪಾಠದ ಟೀಚರಮ್ಮನ ಪ್ರಶ್ನೆಪತ್ರಿಕೆಯನ್ನು ಹೆಡ್‌ಮೇಷ್ಟ್ರು ಎರಡು ಸಲ ವಾಪಸು ಕಳಿಸಿದ್ದರು. ಎಲ್ಲವೂ ಬರೀ ಸ್ಮರಣೆ, ಮಕ್ಕಳು ಯೋಚಿಸುವ ಪ್ರಶ್ನೆ ಎಲ್ಲಿ ಎಂಬುದು ಅವರ ತಕರಾರು. ಟೀಚರಮ್ಮ ತಲೆ ಕೆರೆದುಕೊಂಡು, ‘ಊರಿನ ಆಡಳಿತ ನಿನ್ನ ಕೈಗೆ ಬಂದರೆ ಏನು ಮಾಡುವೆ? ಸ್ವಂತ ಅಭಿಪ್ರಾಯ ಬರೆ’ ಎಂಬ ಐದಂಕದ ಪ್ರಶ್ನೆ ಸೇರಿಸಿ, ಯಾವ ಬಗೆಯ ಪ್ರಶ್ನೆಗೆ ಎಷ್ಟು ಅಂಕ ಎಂದು ತೋರಿಸುವ ನೀಲನಕ್ಷೆಯ ‘ಸೃಜನಶೀಲತೆ’ ಕಾಲಂ ತುಂಬಿಸಿ ಬೀಗಿದರು. ಆಮೇಲೆ ಶುರುವಾಯಿತು ಕಸಿವಿಸಿ. ಪಾಪ, ಮಕ್ಕಳಿಗೆ ಏನೂ ಹೊಳೆಯದಿದ್ದರೆ? ಪರೀಕ್ಷೆಯ ಹಿಂದಿನ ದಿನ ಸ್ವಂತ ಅಭಿಪ್ರಾಯವನ್ನು ತಾವೇ ಬೋರ್ಡಿನ ಮೇಲೆ ಬರೆದು, ಎಲ್ಲರಿಗೂ ಬಾಯಿಪಾಠ ಮಾಡಿಸಿಬಿಟ್ಟರು!

ಈಗ ಸ್ಟಾಫ್ ರೂಮಿನಲ್ಲಿ ತಿದ್ದಲು ಕೂತರೆ ನಲವತ್ತು ಮಕ್ಕಳ ಸ್ವಂತ ಅಭಿಪ್ರಾಯ, ಅಲ್ಪವಿರಾಮದ ಸಮೇತ, ಒಂದೇ. ಮಾಡಿದ್ದುಣ್ಣೋ ಎಂದು ಟೀಚರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಲವತ್ತೊಂದನೆಯ ಪತ್ರಿಕೆ ಯಾಕಮ್ಮನದು. ಎಲ್ಲದಕ್ಕೂ ‘ಯಾಕೆ’ ಎನ್ನುವ ಹುಡುಗಿಗೆ ತರಗತಿಯೇ ಇಟ್ಟ ಹೆಸರು. ಬಾಯಿಪಾಠ ಅವಳಿಗೆ ಆಗಿಬರದು. ಕೂಡಿದರೆ ಮೂವತ್ತನಾಲ್ಕು, ಪಾಸಾಗಲು ಮೂವತ್ತೈದು ಬೇಕು. ಒಂದಂಕಕ್ಕೆ ಇನ್ನೊಂದು ವರ್ಷ ಅದೇ ಬೆಂಚು. ತಿದ್ದಲು ಉಳಿದದ್ದು ಒಂದೇ, ಒಂದಂಕದ ಸ್ಮರಣೆಯ ಪ್ರಶ್ನೆ: ನಮ್ಮ ಊರು ಯಾವುದರ ದಡದಲ್ಲಿದೆ?

ಯಾಕಮ್ಮ ಬರೆದಿದ್ದಳು: ‘ಬಸ್ ನಿಲ್ದಾಣದ ದಡದಲ್ಲಿ. ಪುಸ್ತಕದಲ್ಲಿ ನದಿ ಅಂತಿದೆ. ಭಾನುವಾರ ಹುಡುಕಿಕೊಂಡು ಹೋದೆ. ನದಿಯನ್ನು ಪೈಪಿಗೆ ಹಾಕಿ ಮೇಲೆ ನಿಲ್ದಾಣ ಕಟ್ಟಿದ್ದಾರೆ. ಮೂರನೇ ಕಂಬದ ಹತ್ತಿರ ಕಬ್ಬಿಣದ ಮುಚ್ಚಳಕ್ಕೆ ಕಿವಿ ಇಟ್ಟರೆ ಕೇಳಿಸುತ್ತದೆ.’

ಟೀಚರಮ್ಮನಿಗೆ ಮೈಯೆಲ್ಲ ಪುಳಕ. ಪುಸ್ತಕದಲ್ಲಿಲ್ಲದ ಉತ್ತರಕ್ಕೆ ಅಂಕ ಕೊಡಲು ಹೆಡ್‌ಮೇಷ್ಟ್ರ ಸಹಿ ಬೇಕು; ಪತ್ರಿಕೆ ಹಿಡಿದು ಅವರ ಕೋಣೆಗೆ ಓಡಿದರು. ಹೆಡ್‌ಮೇಷ್ಟ್ರು ಕನ್ನಡಕ ಏರಿಸಿದರು.

“ಸರಿಯುತ್ತರ ನದಿ ಅಲ್ವೇನಮ್ಮಾ?”

“ಹೌದು ಸರ್. ನಲವತ್ತು ಜನ ಹಾಗೇ ಬರೆದಿದಾರೆ. ಒಬ್ರೂ ಹೋಗಿ ನೋಡಿಲ್ಲ. ನಾನೂ ನೋಡಿಲ್ಲ.”

ತಾವು ದಿನಾ ಬಸ್ ಹತ್ತುವುದು ಅಲ್ಲೇ, ನದಿಯೂ ಇಲ್ಲ ಗಿದಿಯೂ ಇಲ್ಲ, ಖಾತ್ರಿಯಾಗದೆ ಸಹಿ ಹಾಕುವುದಿಲ್ಲ ಎಂದು ಅವರು ಪತ್ರಿಕೆಯನ್ನು ಚೀಲಕ್ಕೆ ತುರುಕಿಕೊಂಡರು.

ಸಂಜೆ ಟೀಚರಮ್ಮ ತಡೆಯಲಾರದೆ ನಿಲ್ದಾಣಕ್ಕೆ ಹೋದರು. ಮೂರನೇ ಕಂಬದ ಬಳಿ ಜನ ಗುಂಪುಗಟ್ಟಿದ್ದರು. ನಡುವೆ ಹೆಡ್‌ಮೇಷ್ಟ್ರು, ಇಸ್ತ್ರಿ ಪ್ಯಾಂಟಿನ ಮೊಣಕಾಲೂರಿ, ಮುಚ್ಚಳಕ್ಕೆ ಕಿವಿ ಹಚ್ಚಿ ಬಗ್ಗಿದ್ದರು. ಟೀಚರಮ್ಮನೂ ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕೂತು, ಕೇಳಿಸ್ತಾ ಸರ್ ಎಂದರು.

“ತಾಳಿ, ಬಸ್ ಹೋಗ್ಲಿ.”

ಬಸ್ ಹೋಯಿತು. ಇಬ್ಬರೂ ಉಸಿರು ಬಿಗಿಹಿಡಿದರು. ಆಮೇಲೆ ಹೆಡ್‌ಮೇಷ್ಟ್ರು ಎದ್ದೇಳದೆಯೇ ಚೀಲಕ್ಕೆ ಕೈಹಾಕಿ ಪೆನ್ನು ಹುಡುಕತೊಡಗಿದರು.