ಬಟ್ಟೆಯ ಎಲೆ

ಎಲೆಗೆ ತುದಿ ಇರಲಿಲ್ಲ. ಪಕ್ಕದ ಎಲೆಗೂ ಇರಲಿಲ್ಲ. ಎಲೆ ಅಕ್ಕ ಜಾಲರಿಯ ಪಂಜರದೊಳಗೆ ಮೊಣಕೈವರೆಗೂ ಕೈ ಹಾಕಿ ಮೂರನೆಯದನ್ನು ತಿರುಗಿಸಿ ನೋಡಿದಳು. ಅಂಚಿನಲ್ಲಿ ಕಚ್ಚಿದ ಗುರುತು.

ಅವು ಅವಳೇ ಮಾಡಿದ ಎಲೆಗಳು. ಬಟ್ಟೆಗೆ ಗಂಜಿ ಹಾಕಿ, ಬಣ್ಣದಲ್ಲಿ ಅದ್ದಿ, ನಡುವಿನ ನರಕ್ಕೆ ಕೂದಲೆಳೆಯಂಥ ತಂತಿ ಅಂಟಿಸಿ, ಅಂಗಡಿಗಳ ಗಾಜಿನ ಕಿಟಕಿಗೆ ಬಳ್ಳಿ ಕಟ್ಟಿಕೊಡುವುದು ಅವಳ ಕಸುಬು. ಅಂಗಡಿಯವರೆಲ್ಲ ಅವಳನ್ನು ಎಲೆ ಅಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿಯೊಬ್ಬರು 'ಆ ಬಳ್ಳಿಗೆ ನೀರು ಹಾಕಿ' ಅಂದರಂತೆ ಎಂದು ಯಾರಾದರೂ ಹೇಳಿದರೆ, ಆ ದಿನವಿಡೀ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಪಂಜರ ಮಗಳ ಊಸರವಳ್ಳಿಯದು. ಮನೆಯಲ್ಲಿ ಅದರ ಹೆಸರು ಸಾಹೇಬ. ಯಾರನ್ನೂ ಲೆಕ್ಕಕ್ಕಿಡದೆ ಒಂದೊಂದು ಕಣ್ಣನ್ನು ಒಂದೊಂದು ಕಡೆ ಹೊರಳಿಸುತ್ತ ಕೂರುವ ಅದರ ಗತ್ತಿಗೆ ಆ ಹೆಸರು ಹೇಳಿ ಮಾಡಿಸಿದಂತಿತ್ತು. ಹದಿನೈದು ದಿನದ ಹಿಂದೆ, ಒಳಗಿದ್ದ ನಿಜವಾದ ಗಿಡದ ಎಲೆಗಳು ಹರಿದಿದ್ದವು.

"ಸಾಹೇಬ ತಿಂತಿದಾನೆ ಅಮ್ಮ," ಎಂದಿದ್ದಳು ಮಗಳು.

"ಹುಳ ತಿನ್ನೋ ಪ್ರಾಣಿ ಸೊಪ್ಪು ತಿನ್ನುತ್ತಾ? ಯಾರ ಕಿವಿಗೆ ಹೂವಿಡ್ತಿದೀಯ? ನೀನೇ ಕಿತ್ತಿದೀಯ."

ಹುಡುಗಿ ಇಲ್ಲವೆಂದಳು. ಸುಳ್ಳೊಂದನ್ನು ಮಾತ್ರ ಸಹಿಸದ ತಾಯಿ ಕೆನ್ನೆಗೆ ಒಂದು ಕೊಟ್ಟಳು. ತಪ್ಪು ಒಪ್ಪಿಕೊಳ್ಳುವ ತನಕ ಊಟವಿಲ್ಲ ಎಂದಳು. ಗಂಟೆ ಕಳೆದ ಮೇಲೆ ಹುಡುಗಿ, "ನಾನೇ ಕಿತ್ತಿದ್ದು," ಎಂದಳು. ಕೊನೆಗೂ ದಾರಿಗೆ ಬಂದಳಲ್ಲ ಎಂದು ತಾಯಿಗೆ ಸಮಾಧಾನವಾಯಿತು. ಗಿಡ ತೆಗೆದೆಸೆದು, ಯಾರೂ ಹರಿಯಲಾರದ ಬಳ್ಳಿಯೊಂದನ್ನು ತಾನೇ ಕಟ್ಟಿ ಒಳಗೆ ತೂಗುಹಾಕಿದಳು.

ಈಗ ಎರಡು ದಿನದಿಂದ ಸಾಹೇಬ ಹುಳ ಮುಟ್ಟಿರಲಿಲ್ಲ. ಹಗಲಲ್ಲೂ ಕಣ್ಣು ಮುಚ್ಚಿ ಕೊಂಬೆಗೆ ಒರಗಿರುತ್ತಿದ್ದ.

ಎಲೆ ಅಕ್ಕ ಕಚ್ಚಿದ ಗುರುತಿದ್ದ ನಾಲ್ಕು ಎಲೆಗಳನ್ನು ಬಿಡಿಸಿ ಮೇಜಿನ ಮೇಲಿಟ್ಟು ನರ ಸವರಿದಳು. ತಂತಿಯ ಉದ್ದ ಅವಳ ಬೆರಳಿಗೇ ಗೊತ್ತು. ಮೂರು ಎಲೆಗಳಲ್ಲಿ ಸರಿಯಿತ್ತು. ನಾಲ್ಕನೆಯದರಲ್ಲಿ ಉಗುರಿನಷ್ಟು ಮುರಿದುಹೋಗಿತ್ತು. ಪಂಜರದ ತಳವನ್ನೆಲ್ಲ ತಡಕಿದರೂ ಆ ತುಂಡು ಸಿಗಲಿಲ್ಲ. ಅದು ಸಾಹೇಬನ ಹೊಟ್ಟೆಯಲ್ಲಿತ್ತು. ಇನ್ನೊಂದು ಸಂಗತಿ ತುಸು ತಡವಾಗಿ ಹೊಳೆಯಿತು. ಹುಡುಗಿ ನಿಜ ಹೇಳಿದ್ದಳು.

"ಚಪ್ಪಲಿ ಹಾಕ್ಕೋ. ಸಾಹೇಬನ್ನ ಡಾಕ್ಟರ ಹತ್ರ ತೋರಿಸ್ಕೊಂಡು ಬರೋಣ."

"ಏನಾಗಿದೆ ಅಮ್ಮ ಅದಕ್ಕೆ?"

ಬಸ್ಸಿನಲ್ಲಿ ಕೂತು ಹೇಳೋಣವೆಂದುಕೊಂಡಳು. ಬಸ್ಸಿನಲ್ಲಿ, ಇಳಿದ ಮೇಲೆ ಹೇಳೋಣವೆಂದುಕೊಂಡಳು. ಇಳಿದ ಮೇಲೆ, ಡಾಕ್ಟರ ಮುಂದೆಯೇ ಹೇಳಿದರಾಯಿತು ಎಂದುಕೊಂಡಳು.

ಪ್ರಾಣಿಗಳ ಡಾಕ್ಟರು ಸಾಹೇಬನನ್ನು ಅಂಗೈಯಲ್ಲಿ ಹಿಡಿದು ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಹುಡುಗಿ ಹಿಡಿದಿದ್ದ ಡಬ್ಬಿಯೊಳಗೆ ವಾಪಸು ಬಿಟ್ಟು, ಚೀಟಿ ಎಳೆದುಕೊಂಡು, ಎಲೆ ಅಕ್ಕ ಬಾಯಿ ತೆರೆಯುವ ಮೊದಲೇ ಹುಡುಗಿಯನ್ನೇ ಕೇಳಿದರು.

"ನೋಡ್ಕೊಳ್ಳೋದು ನೀನೇ ಅಲ್ವಾ ಮರಿ? ಎಲೆಗಿಲೆ ಕಚ್ಚುತ್ತಾ ಇದು? ಕೆಲವು ಗಿಡಾನೂ ಮೇಯ್ತವೆ. ಹಾಗಿದ್ರೆ ಜೊತೆಗೆ ಏನಾದ್ರೂ ನುಂಗಿದ್ಯಾ ಅಂತ ಎಕ್ಸ್‌ರೇ ತೆಗೀಬೇಕು. ಇಲ್ಲಾಂದ್ರೆ ಔಷಧಿ ಬರೆದು ಕಳಿಸ್ತೀನಿ."

ಹುಡುಗಿ ಡಾಕ್ಟರನ್ನು ನೋಡಲಿಲ್ಲ. ತಾಯಿಯ ಬಲಗೈಯನ್ನು ನೋಡಿದಳು.

"ಇಲ್ಲ. ಅದು ಎಲೆ ತಿನ್ನಲ್ಲ. ನಾನೇ ಕಿತ್ತಿದ್ದು."

ಎಲ್ಲೂ ತಡವರಿಸದೆ, ಪಾಠ ಒಪ್ಪಿಸಿದಂತೆ ಹೇಳಿದಳು. ಡಾಕ್ಟರು ತಲೆಯಾಡಿಸಿ ಬರೆಯತೊಡಗಿದರು. ಎಲೆ ಅಕ್ಕ ಚೀಟಿಯ ಮೇಲೆ ಅಂಗೈ ಊರಿದಳು.

"ಬರೀಬೇಡಿ ಡಾಕ್ಟ್ರೇ. ಅವಳು ಹೇಳಿದ್ದು ಸುಳ್ಳು. ನಾನು ಹೇಳಿಸಿದ್ದು."

ಸುಳ್ಳು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಮುಂದಿನ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ. ಡಬ್ಬಿಯನ್ನು ಒಂದು ಕೈಯಲ್ಲಿ ಎದೆಗವಚಿಕೊಂಡು, ಇನ್ನೊಂದು ಕೈಯಿಂದ ಕೆನ್ನೆ ಮುಚ್ಚಿಕೊಂಡು ನಿಂತಿದ್ದಳು.